ವಾಡೆಯ ಆರನೆಯ ಕಪ್ಪು-ಬಸಿ

ನನ್ನ ತವರುಮನೆಯ ಪಡಸಾಲೆಯಲ್ಲಿ, ನನ್ನ ಕಣ್ಣೆದುರಿಗೆ, ಐದು ಮಂದಿಗೆ ಚಹಾ ಕೊಟ್ಟು ನನಗೆ ಕೊಡಲಿಲ್ಲ. ಇದು ನಡೆದದ್ದು ತೊಂಬತ್ತರ ದಶಕದ ಉತ್ತರಾರ್ಧದಲ್ಲಿ, ನಾನು ನೌಕರಿಯಿಂದ ನಿವೃತ್ತಳಾದ ವರ್ಷ, ಬಸವ ಜಯಂತಿಯ ಮರುದಿನ, ಮಧ್ಯಾಹ್ನ ನಾಲ್ಕರ ಸುಮಾರಿಗೆ. ಹಾಲು ಒಡೆದಿತ್ತು, ಪುಡಿ ತೀರಿತ್ತು, ಪಾತ್ರೆ ಸಾಲಲಿಲ್ಲ ಎಂಬ ಯಾವ ಸಬೂಬೂ ಇಲ್ಲಿ ನಡೆಯುವುದಿಲ್ಲ. ನಮ್ಮ ಅವ್ವನ ಕಾಲದ ನೀಲಿ ಅಂಚಿನ ಕಪ್ಪು-ಬಸಿಗಳು ಒಟ್ಟು ಆರು. ಐದು ಜಮಖಾನೆಯ ಮೇಲಿದ್ದವು. ಆರನೆಯದು ಗೋಡೆಯ ಗೂಡಿನಲ್ಲಿ ತನ್ನ ಬಸಿಯ ಮೇಲೆ ಬೋರಲಾಗಿ ಕೂತಿತ್ತು. ಅದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು.

ಆ ಆರನೆಯ ಕಪ್ಪು ಈಗ ನನ್ನ ಬರೆಯುವ ಮೇಜಿನ ಮೇಲಿದೆ. ಅದು ಇಲ್ಲಿಗೆ ಹೇಗೆ ಬಂತೆಂಬುದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಕದ್ದೆ. ಮೂವತ್ತೆಂಟು ವರ್ಷ ಸವದತ್ತಿಯ ಕನ್ಯಾಶಾಲೆಯಲ್ಲಿ ಪರರ ಪೆನ್ಸಿಲು ಕೂಡ ಮುಟ್ಟಬಾರದೆಂದು ಹೇಳಿಕೊಟ್ಟವಳು, ಹೊರಡುವಾಗ ಅದನ್ನು ಟವಲಿನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಪ್ಪು ಬಸಿಯ ಮೇಲೆ ಕಟಕಟನೆ ಹಲ್ಲು ಕಡಿಯುತ್ತಿತ್ತು. ಮೇಲೆ ನಾನೂ ಅದನ್ನೇ ಮಾಡುತ್ತಿದ್ದೆ. ಮನೆಗೆ ಬಂದು ಚೀಲ ಬಿಚ್ಚಿದಾಗ ನಮ್ಮ ಯಜಮಾನರು ಕನ್ನಡಕ ಏರಿಸಿ ನೋಡಿ, "ತವರ ಮನ್ಯಾಗ ಈ ಸಲ ಆಯಾರ ಇಷ್ಟ ಏನು?" ಎಂದರು. ಮಗಳಿಗೆ ಸೀರೆ ಕುಪ್ಪಸ ಕೊಟ್ಟು ಕಳಿಸುವ ಮನೆತನದಿಂದ ನಾನು ತಂದ ಕೊನೆಯ ಉಡುಗೊರೆ ಅದೇ ಆಗುತ್ತದೆಂದು ಅವರೂ ತಿಳಿದಿದ್ದರು, ನಾನೂ ತಿಳಿದಿದ್ದೆ. ಇಬ್ಬರದೂ ತಪ್ಪಾಯಿತು.

ವಾಡೆ ಎಂದೊಡನೆ ಓದುಗರು ಅರಮನೆಯನ್ನು ಕಲ್ಪಿಸಿಕೊಳ್ಳಬಾರದು. ಸಂಪಗಾಂವದಿಂದ ಬೈಲಹೊಂಗಲಕ್ಕೆ ಬರುವಾಗ ಒಳದಾರಿ ಹಿಡಿದರೆ ಸಿಗುವ ಊರು ನಮ್ಮದು. ಅಲ್ಲಿ ಎರಡು ಮೊಳ ದಪ್ಪದ ಮಣ್ಣಿನ ಗೋಡೆಯ, ಎಂಟು ಕಂಬದ ಪಡಸಾಲೆಯ, ಆನೆ ಬರಲಾರದ ಆದರೆ ಕುದುರೆ ಸವಾರ ತಲೆ ಬಗ್ಗಿಸದೆ ಬರಬಲ್ಲ ಬಾಗಿಲಿನ ಮನೆಯೇ ವಾಡೆ. ಕುದುರೆ ಬಂದದ್ದನ್ನು ನಾನು ಕಂಡಿಲ್ಲ. ಗೋಡೆಯ ದಪ್ಪ ಎಷ್ಟೆಂದರೆ, ಕಿಟಕಿಯ ಹೊಟ್ಟೆಯೊಳಗೆ ಕಾಲು ಚಾಚಿ ಕೂತು ನಾನು ಮಗ್ಗಿ ಬಾಯಿಪಾಠ ಮಾಡಿದ್ದೇನೆ. ಹದಿನೇಳರ ಮಗ್ಗಿ ಇಂದಿಗೂ ನನಗೆ ತಣ್ಣಗೆ, ಸ್ವಲ್ಪ ಸುಣ್ಣದ ವಾಸನೆಯೊಂದಿಗೆ ನೆನಪಾಗುತ್ತದೆ.

ಆ ಎಂಟು ಕಂಬಗಳು, ಕಿತ್ತೂರ ಕೋಟೆ ಹಾಳಾದ ಮೇಲೆ ಅಲ್ಲಿಂದ ಬಂಡಿಯಲ್ಲಿ ಬಂದವೆಂದು ನಮ್ಮ ಆಯಿ ಹೇಳುತ್ತಿದ್ದಳು. ಅಪ್ಪನ ತಾಯಿಯಾದ ಆಕೆಯ ಮಾತಿಗೆ ಮನೆಯಲ್ಲಿ ಎದುರಿರಲಿಲ್ಲ. ಆದರೆ ಇದೇ ಮಾತನ್ನು ನಾನು, ನಮ್ಮದೂ ಸೇರಿ, ಬೈಲಹೊಂಗಲ ಸೀಮೆಯ ಹದಿನಾಲ್ಕು ಮನೆಗಳಲ್ಲಿ ಕೇಳಿದ್ದೇನೆ. ಎಲ್ಲರೂ ನಿಜ ಹೇಳುತ್ತಿದ್ದರೆ ಕಿತ್ತೂರಿನಲ್ಲಿದ್ದದ್ದು ಕೋಟೆಯಲ್ಲ, ಸಾಗುವಾನಿಯ ಕಾಡು. ಆ ಹದಿನಾಲ್ಕರಲ್ಲಿ ಹದಿಮೂರು ಸುಳ್ಳೆಂಬುದು ನನ್ನ ಖಚಿತ ಅಭಿಪ್ರಾಯ.

ಮನೆಯ ಮೇಲೆ ಹೆಂಚಿರಲಿಲ್ಲ. ನಮ್ಮ ಕಡೆಯ ಸಮತಟ್ಟಾದ ಮಣ್ಣಿನ ಮಾಳಿಗೆ. ತೊಲೆಗಳ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಒಂದು ಮೊಳ ಮಣ್ಣು, ಎಲ್ಲದರ ಮೇಲೆ ಕರಲು ಮಣ್ಣಿನ ಹೊದಿಕೆ. ಕರಲು ಮಣ್ಣೆಂದರೆ ಹುಲ್ಲೂ ಹುಟ್ಟದ, ಬೂದಿಯ ಬಣ್ಣದ, ಉಪ್ಪುಪ್ಪಾದ ಮಣ್ಣು. ಬೆಳೆಗೆ ಶತ್ರು, ಮಾಳಿಗೆಗೆ ತಾಯಿ: ಒಮ್ಮೆ ನೆಂದು ಕೂತರೆ ಹನಿ ನೀರನ್ನೂ ಕೆಳಗೆ ಬಿಡುವುದಿಲ್ಲ. ಪ್ರತಿ ವರ್ಷ ಮಿರಗದ, ಅಂದರೆ ಮೃಗಶಿರೆಯ, ಮಳೆಗೆ ಮುಂಚೆ ಅದನ್ನು ಹೊಸದಾಗಿ ಹಾಕಬೇಕು. ನಮ್ಮ ಮನೆಯಲ್ಲಿ ಮೊದಲ ಬುಟ್ಟಿಯನ್ನು ಸುರಿಯುವವರು ಮನೆಮಗಳಂದಿರು. ಮದುವೆಯಾಗಿ ಹೋದವರೂ ಅದಕ್ಕೆಂದೇ ಬರುತ್ತಿದ್ದರು. ಹಳ್ಳದಾಚೆಯ ಬಿಳಿ ದಿನ್ನೆಗೆ ಹೋಗುವುದು, ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡುವುದು, ಬುಟ್ಟಿ ತುಂಬುವುದು ಹೆಣ್ಣುಮಕ್ಕಳ ಕೆಲಸ. ಗಂಡಸರಿಗೆ ಆ ದಿನ್ನೆ ಯಾವುದೆಂಬುದೂ ಸರಿಯಾಗಿ ಗೊತ್ತಿರಲಿಲ್ಲ. ಸೂರು ಕಾಯುವ ಮಣ್ಣಿನ ರುಚಿ ಅರಿತವರು ನಾವು; ಸೂರಿನ ವಾರಸುದಾರರು ಅವರು.

ಎಂಬತ್ತರ ದಶಕದಲ್ಲಿ ನಮ್ಮ ದೊಡ್ಡಪ್ಪನ ಹಿರಿಯ ಮಗ ಬಾಬಣ್ಣನಿಗೆ ವರ್ಷವರ್ಷ ಮಣ್ಣು ಹೊರುವುದು ಹಳ್ಳಿಗಾಡಿನ ಗೊಡ್ಡು ಕೆಲಸವೆಂದು ತೋರಿತು. ಮಾಳಿಗೆಯ ಮೇಲೆ ನುಣ್ಣಗೆ ಸಿಮೆಂಟು ಬಳಿಸಿದ. "ಇನ್ನ ನೂರು ವರ್ಷ ಚಿಂತಿಲ್ಲ" ಎಂದ. ಐದನೆಯ ವರ್ಷಕ್ಕೆ ಸಿಮೆಂಟು ಬಿರಿಯಿತು. ಬಿರುಕಿನಲ್ಲಿ ಇಳಿದ ನೀರು ಮೇಲೆ ಆರಲಾರದೆ ಒಳಗೇ ಕುದಿದು ತೊಲೆಯ ತುದಿಗಳನ್ನು ತಿಂದಿತು. ಇನ್ನೊಂದು ಹತ್ತು ವರ್ಷ ಕಳೆಯುವುದರೊಳಗೆ ನಡುಮನೆಯ ಗೋಡೆ ಬಸುರಿಯಂತೆ ಉಬ್ಬಿತು. ಆಗ ಬಾಬಣ್ಣ, ಅವನ ಮೂವರು ತಮ್ಮಂದಿರು ಮತ್ತು ನನ್ನ ಒಡಹುಟ್ಟಿದ ಈರಣ್ಣ, ಹೀಗೆ ಐವರು ಕೂತು ವಾಡೆಯನ್ನು ಕೆಡವಬೇಕು, ಕಂಬ ಬಾಗಿಲುಗಳನ್ನು ಹೊರಗಿನ ಊರಿನ ಕಟ್ಟಿಗೆಯ ವ್ಯಾಪಾರಿಗೆ ಕೊಡಬೇಕು, ಆ ಜಾಗದಲ್ಲಿ ಸ್ಲ್ಯಾಬಿನ ಐದು ಮನೆ ಎಬ್ಬಿಸಬೇಕು ಎಂದು ತೀರ್ಮಾನಿಸಲು ಸಭೆ ಸೇರಿದರು. ನಾನು ಮೊದಲು ಹೇಳಿದ ಸಭೆ ಅದೇ.

ನನ್ನನ್ನು ಯಾರೂ ಕರೆದಿರಲಿಲ್ಲ. ಸುದ್ದಿ ಕೇಳಿ ನಾನೇ ಹೋದೆ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದೆ: ಮಾಳಿಗೆ ಯಾಕೆ ಸೋರುತ್ತದೆಂದು ಯಾರಾದರೂ ಮೇಲೆ ಹತ್ತಿ ನೋಡಿದ್ದೀರಾ? ಯಾರೂ ನೋಡಿರಲಿಲ್ಲ. ಬಾಬಣ್ಣ ತನ್ನ ಬಸಿಯಲ್ಲಿದ್ದ ಚಹಾ ಮುಗಿಸಿ, ಮೀಸೆ ಒರೆಸಿಕೊಂಡು, ಬಹಳ ಪ್ರೀತಿಯಿಂದಲೇ ಹೇಳಿದ.

"ಗೌರಕ್ಕಾ, ಕೊಟ್ಟ ಹೆಣ್ಣು ಕುಲಕ್ಕ ಹೊರಗ. ನೀ ಯಾಕ ತಲಿ ಕೆಡಿಸ್ಕೋತಿ? ಒಳಗ ಹೋಗಿ ಹೆಣ್ಣಮಕ್ಕಳ ಹಂತ್ಯಾಕ ಕುಂದ್ರು."

ಈರಣ್ಣ ತನ್ನ ಕಪ್ಪಿನೊಳಗೆ ನೋಡುತ್ತ ಕೂತ. ಅದರೊಳಗೆ ಅಷ್ಟೊತ್ತು ನೋಡುವಂಥದ್ದೇನೂ ಇರಲಿಲ್ಲ.

ಅಂದು ಕೆಡವುವ ತೀರ್ಮಾನವಾಯಿತು. ಶ್ರಾವಣ ಕಳೆದ ಮೇಲೆ ಗುದ್ದಲಿ ಹಾಕುವುದೆಂದು ಗೊತ್ತಾಯಿತು. ಆದರೆ ಆ ಮನೆಯಲ್ಲಿ ಅವರು ಲೆಕ್ಕಕ್ಕೆ ಹಿಡಿಯದ ಇನ್ನೊಂದು ಜೀವವಿತ್ತು. ನಮ್ಮ ಕಿರಿಯ ಕಾಕಾನ ಹೆಂಡತಿ ನೀಲವ್ವ ಚಿಗವ್ವ. ಎಂಬತ್ತೈದು ದಾಟಿದ್ದ ಆಕೆ ದೇವರ ಜಗಲಿಯ ಪಕ್ಕದ ಮಂಚ ಬಿಟ್ಟು ಏಳುತ್ತಿರಲಿಲ್ಲ. ಆದರೆ ಮನೆಯ ಪದ್ಧತಿಗಳಲ್ಲಿ ಒಂದೂ ಆಕೆಯ ಬಾಯಿಂದ ಜಾರಿರಲಿಲ್ಲ. ಹೊಸ ಮನೆಗೆ ದೀಪ ಹಿಡಿದು ಮೊದಲು ಕಾಲಿಡುವವಳು ಮನೆಮಗಳಾದರೆ, ಹಳೆಯ ಮನೆಯ ಜಗಲಿಯಿಂದ ದೀಪವನ್ನು ಎತ್ತಿ ಹೊರಗೆ ತರುವವಳೂ ಮನೆಮಗಳೇ. ಅವಳು ಎತ್ತುವ ತನಕ ಗೋಡೆಗೆ ಗುದ್ದಲಿ ಮುಟ್ಟಿಸಬಾರದು ಎಂದು ಆಕೆ ಹಟ ಹಿಡಿದಳು. ಬಾಬಣ್ಣ ತನ್ನ ಮಗಳನ್ನು ಕರೆಸುತ್ತೇನೆಂದ. ಚಿಗವ್ವ ಒಪ್ಪಲಿಲ್ಲ. ಈ ವಾಡೆಯ ಬಾಣಂತಿ ಕೋಣೆಯಲ್ಲಿ ಹುಟ್ಟಿದವಳೇ ಆಗಬೇಕು. ಬಾಬಣ್ಣನ ಮಗಳಾದಿಯಾಗಿ ಆಮೇಲಿನ ಹುಡುಗಿಯರೆಲ್ಲ ಬೈಲಹೊಂಗಲದ ದವಾಖಾನೆಯಲ್ಲಿ ಹುಟ್ಟಿದವರು. ಎಣಿಸುತ್ತ ಹೋದರೆ ವಾಡೆಯೊಳಗೇ ಹುಟ್ಟಿ ಇನ್ನೂ ಬದುಕಿರುವ ಮಗಳು ಇಡೀ ಕುಲಕ್ಕೆ ಒಬ್ಬಳೇ.

ಬಾಬಣ್ಣ ಮತ್ತು ಈರಣ್ಣ ಸವದತ್ತಿಗೆ ಬಂದರು. ಅವರು ಅಂಗಳಕ್ಕೆ ಕಾಲಿಟ್ಟಾಗ ನಾನು ಕಪಾಟಿನ ಗಾಜು ಒರೆಸುತ್ತಿದ್ದೆ. ಆರನೆಯ ಕಪ್ಪು ಅದರ ನಡುವಿನ ಅಂಕಣದಲ್ಲಿ, ಮದುವೆಯ ಫೋಟೋದ ಮುಂದೆ, ಬೆಳಕಿಗೆ ಮುಖ ಮಾಡಿ ಕೂತಿತ್ತು. ಮೊದಲು ಚಹಾ ಕೊಟ್ಟೆ. ಕೇಳದಿದ್ದರೂ ಎರಡನೆಯ ಸಲವೂ ಕೊಟ್ಟೆ. ಇಂಥದ್ದರಲ್ಲಿ ನಾನು ಕೈ ಹಿಡಿಯುವವಳಲ್ಲ.

"ಒಂದ ತಾಸಿನ ಕೆಲಸ ಅಕ್ಕಾ," ಎಂದ ಬಾಬಣ್ಣ. "ಬಂದು ಜಗಲಿ ಮ್ಯಾಲಿನ ದೀಪ ಎತ್ತಿ ಹೊರಗಿಟ್ಟಬಿಡು."

"ನಾನಽ? ಕುಲಕ್ಕ ಹೊರಗಿನಾಕಿ ನಿಮ್ಮ ಕುಲದ ದೀಪ ಹೆಂಗ ಮುಟ್ಟಲಿ? ನಿಮಗ ಕೆಡಕ ಆಗೂದಿಲ್ಲೇನು?"

"ಹಂಗಂತ ಯಾರ ಅಂದ್ರು?"

"ಐದ ಮಂದಿ ಇದ್ರಿ. ನೀವಽ ನೆನಪ ಮಾಡ್ಕೊಳ್ರಿ."

ಬಾಬಣ್ಣ ಕೋಣೆಯೆಲ್ಲ ಕಣ್ಣಾಡಿಸಿದ. ಕಣ್ಣು ಕಪಾಟಿನ ಮೇಲೆ ನಿಂತಿತು. ಅದು ನಮ್ಮ ಮನೆಯದಲ್ಲವೇ ಎಂದ. ಹೌದು, ಆರನೆಯದು ಎಂದೆ. ಯಜಮಾನರು ಒಳಗೆ ಹೋಗಿ ಕೆಮ್ಮಿದರು. ಅದು ಕೆಮ್ಮಲ್ಲವೆಂದು ನನಗೆ ಗೊತ್ತು.

ಆ ದಿನ ನಾನು ಕರಾರು ಹಾಕಿದೆ. ನನಗೆ ಮೂರು ಮಳೆಗಾಲ ಕೊಡಬೇಕು. ಮನೆಯನ್ನು ನಾನು ದುರಸ್ತಿ ಮಾಡಿಸುತ್ತೇನೆ. ಮೂರು ಮಳೆಗಾಲದಲ್ಲಿ ಒಂದು ಸಲ ಮಾಳಿಗೆ ಸೋರಿದರೂ ನಾನೇ ಬಂದು ದೀಪ ಎತ್ತುತ್ತೇನೆ, ಮೊದಲ ಗುದ್ದಲಿಯನ್ನೂ ನಾನೇ ಹಾಕುತ್ತೇನೆ. ಸೋರದಿದ್ದರೆ ಆ ಮನೆಯನ್ನು ಕೆಡವುವ ಮಾತು ಯಾರೂ ಮತ್ತೆ ಆಡಬಾರದು. ಖರ್ಚು ಯಾರದೆಂದು ಕೇಳಿದರು. ನನ್ನದೆಂದೆ. ಅದರ ಮಾತು ಅಲ್ಲಿಗೆ ಮುಗಿಯಿತು. ಹೊರಗೆ ಹೋಗುವಾಗ ಬಾಬಣ್ಣ ತಮ್ಮನಿಗೆ, ಮೊದಲ ಮಿರಗಕ್ಕೇ ತೀರ್ಮಾನವಾಗುತ್ತದೆ ಎಂದದ್ದು ನನಗೆ ಕೇಳಿಸಿತು. ಅವನ ದನಿ ಮೊದಲಿನಿಂದಲೂ ದೊಡ್ಡದು.

ಕರಾರು ಹಾಕುವುದು ಸುಲಭ. ಗಾರೆ, ಮಣ್ಣು, ತೊಲೆಗಳ ಕೆಲಸ ಬಲ್ಲ ಗೌಂಡಿಯನ್ನು ಹುಡುಕಲು ನಾನು ಎರಡು ತಿಂಗಳು ಅಲೆದೆ. ಕೊನೆಗೆ ರಾಮದುರ್ಗದಲ್ಲಿ ಹುಸೇನಸಾಬರು ಸಿಕ್ಕರು. ಎಪ್ಪತ್ತರ ವಯಸ್ಸು, ಬಿಳಿ ಗಡ್ಡ, ಗೋಡೆಯನ್ನು ವೈದ್ಯನಂತೆ ಬೆರಳಿನಿಂದ ಬಡಿದು ಕಿವಿಗೊಟ್ಟು ಕೇಳುವ ಅಭ್ಯಾಸ. ನಮ್ಮ ಉಬ್ಬಿದ ಗೋಡೆಯನ್ನು ಅರ್ಧ ತಾಸು ಬಡಿದು ಅವರು ಹೇಳಿದ ಮಾತನ್ನು ನಾನು ಬರೆದಿಟ್ಟುಕೊಂಡಿದ್ದೇನೆ.

"ಮಣ್ಣಿನ ಮನಿಗಿ ಸಿಮೆಂಟ ಅಂದ್ರ ಮಳಿ ಕೋಟ ತೊಡಿಸಿದಾಂಗ್ರಿ ಅಕ್ಕೋರ. ಹೊರಗಿನ ನೀರ ಒಳಗ ಬಿಡೂದಿಲ್ಲ ಅಂತಾರ, ಖರೆ. ಒಳಗಿನ ಬೆವರ ಎತ್ಲಾಗ ಹೋಗಬೇಕು? ಮನಿ ಸತ್ತಿಲ್ರಿ. ಉಸಿರು ಕಟ್ಟೇತಿ."

ಆಮೇಲೆ ಏಣಿ ಹತ್ತಿ ಪಡಸಾಲೆಯ ಮೂರನೆಯ ಕಂಬದ ನೆತ್ತಿಯ ಬಣ್ಣ ಕೆರೆದು ನೋಡಿ ನಕ್ಕರು. ಅಲ್ಲೊಂದು ಚೌಕಾಕಾರದ ಖಾಲಿ ತೂತಿತ್ತು. ಈ ಮನೆಯ ಯಾವ ತೊಲೆಗೂ ಅದು ಕೂಡುವುದಿಲ್ಲ, ಈ ಕಂಬ ಮೊದಲು ಬೇರೆ ಯಾವುದೋ ದೊಡ್ಡ ಕಟ್ಟಡದಲ್ಲಿ ನಿಂತದ್ದು ಎಂದರು. ಯಾವ ಕಟ್ಟಡವೆಂದು ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಉಳಿದ ಹದಿಮೂರು ಮನೆಯವರು ಬೇಕಾದರೆ ತಮ್ಮ ತಮ್ಮ ಕಂಬಗಳನ್ನು ಕೆರೆದು ನೋಡಿಕೊಳ್ಳಲಿ.

ಸಿಮೆಂಟನ್ನು ಎಬ್ಬಿಸಿದೆವು. ತೊಲೆಗಳನ್ನು ಬಿಚ್ಚಿ ನೋಡಿದರೆ ಗೋಡೆಯೊಳಗೆ ಹೊಕ್ಕ ತುದಿಗಳು ಮಾತ್ರ ಕೊಳೆತಿದ್ದವು. ನಡುವಿನ ಮೈ ಕಲ್ಲಿನಂತಿತ್ತು. ತುದಿ ಕೊಯ್ದು ಹೊಸ ಸಾಗುವಾನಿ ಜೋಡಿಸಿದರು. ಉಬ್ಬಿದ ಗೋಡೆಯನ್ನು ಇಳಿಸಿ ಅದೇ ಮಣ್ಣನ್ನು ನೆನೆಸಿ, ತುಳಿದು ಮತ್ತೆ ಏರಿಸಿದರು. ನಾನು ದಿನಾಲು ಹಾಜರಿ ಹಿಡಿಯುತ್ತಿದ್ದೆ. ತಡವಾಗಿ ಬಂದವರು ಬಾಗಿಲಲ್ಲಿ ನಿಂತು "ಒಳಗ ಬರ್ಲೇನ್ರಿ ಅಕ್ಕೋರ" ಎಂದು ಕೇಳುವ ತನಕ ಕೆಲಸಕ್ಕೆ ಬಿಡುತ್ತಿರಲಿಲ್ಲ. ಒಂದು ದಿನ ಕಚ್ಚೆ ಹಾಕಿ ಏಣಿ ಹತ್ತಿ ಮಾಳಿಗೆಗೆ ಹೋದೆ. ಇಳಿಯಲು ನೋಡಿದರೆ ಅದೇ ಏಣಿ ಹತ್ತುವಾಗ ಇದ್ದದ್ದಕ್ಕಿಂತ ಉದ್ದವಾಗಿತ್ತು. ಕೆಳಗೆ ಜನ ಸೇರಿದರು. ಮಾಳಿಗೆಯ ಪರೀಕ್ಷೆ ಇನ್ನೂ ಮುಗಿದಿಲ್ಲವೆಂದು ಹೇಳಿ ಎರಡು ತಾಸು ಬಿಸಿಲಿನಲ್ಲಿ ಗಂಭೀರವಾಗಿ ಅಡ್ಡಾಡಿದೆ. ಹುಸೇನಸಾಬರು ಏನನ್ನೂ ಕೇಳದೆ ಎರಡನೆಯ ಏಣಿ ತರಿಸಿ ಪಕ್ಕಕ್ಕೆ ಹಚ್ಚಿಸಿದರು. ಸಜ್ಜನರು.

ಇನ್ನು ಕರಲು ಮಣ್ಣು. ಹನ್ನೆರಡು ಹೆಂಗಸರನ್ನು, ಹನ್ನೆರಡು ಬುಟ್ಟಿಗಳನ್ನು ಕರೆದುಕೊಂಡು, ಪ್ರಭಾತಫೇರಿಯ ಮುಂದಾಳುವಿನಂತೆ ಹಳ್ಳ ದಾಟಿ ಬಿಳಿ ದಿನ್ನೆಗೆ ಹೊರಟೆ. ಹೋಗಿ ನೋಡಿದರೆ ದಿನ್ನೆಯೇ ಇಲ್ಲ. ಯಾವ ಕಾಲಕ್ಕೋ ಅದನ್ನು ಸಮ ಮಾಡಿ, ಮಣ್ಣು ಬದಲಿಸಿ, ಗೋವಿನಜೋಳ ಹಾಕಿದ್ದರು. ಮೂವತ್ತು ವರ್ಷ ನಾನೂ ಅತ್ತ ತಲೆ ಹಾಕಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಹನ್ನೆರಡು ಖಾಲಿ ಬುಟ್ಟಿಗಳೊಂದಿಗೆ ಊರ ನಡುವಿನಿಂದ ಮರಳಿ ಬಂದ ಆ ಹತ್ತು ನಿಮಿಷ ನನ್ನ ಜೀವನದ ಅತಿ ಉದ್ದನೆಯ ಮೆರವಣಿಗೆ. ಬಾಬಣ್ಣ ಕಟ್ಟೆಯ ಮೇಲೆ ಕೂತು ಎಣಿಸುತ್ತಿದ್ದ.

ಅದನ್ನು ಕಂಡು ಮನಸ್ಸು ಕರಗಿದ ಈರಣ್ಣ ಯಾರಿಗೂ ಹೇಳದೆ ಮರುದಿನ ತನ್ನ ಹೊಲದ ಎರೆಮಣ್ಣನ್ನು ಎರಡು ಬಂಡಿ ತಂದು ಮಾಳಿಗೆಯ ಮೂಲೆಗೆ ಹಾಕಿಸಿದ. ಕಪ್ಪು ಎರೆಮಣ್ಣು ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆಂಬುದು ನಮ್ಮ ಸೀಮೆಯ ಎತ್ತುಗಳಿಗೂ ಗೊತ್ತು. ಹೊಲದಲ್ಲಿ ಅದೇ ಬಿರುಕಿಗೆ ಹೆದರಿ ನಡೆಯುವವನು ಅದನ್ನೇ ತಲೆಯ ಮೇಲೆ ಹೇರಿಕೊಂಡ. ಆದರೂ, ಮರುದಿನವೇ ಕೆಳಗಿಳಿಸಬೇಕಾಗಿ ಬಂದ ಆ ಎರಡು ಬಂಡಿ ಮಣ್ಣನ್ನು ನಾನು ಮರೆತಿಲ್ಲ. ನಾನು ಅವಮಾನಗಳನ್ನು ಮಾತ್ರ ನೆನಪಿಡುತ್ತೇನೆ ಎನ್ನುವವರು ಇದನ್ನು ಗಮನಿಸಬೇಕು.

ದಾರಿ ತೋರಿದವರು ನಮ್ಮ ಯಜಮಾನರು. ನವಿಲುತೀರ್ಥದ ಅಣೆಕಟ್ಟಿನ ಕಾಲುವೆಗಳ ಮೇಲೆ ನೀರಿನ ಅಳತೆ ನೋಡುತ್ತ ನೌಕರಿ ಮುಗಿಸಿದ ಅವರು ಮನೆಯಲ್ಲಿ ಹೆಚ್ಚು ಮಾತಾಡುವವರಲ್ಲ. ಅವರ ಪಾಲಿನದನ್ನು ನಾನೇ ಆಡುತ್ತೇನೆ. ಅಂದು ರೊಟ್ಟಿ ಮುರಿಯುತ್ತ ಹೇಳಿದರು: "ಮುನವಳ್ಳಿ ಕಡೆ ಅತೀ ನೀರ ಹಾಯಿಸಿ ಹಾಯಿಸಿ ಎಷ್ಟ ಹೊಲಾ ಬೆಳ್ಳಗ ಕರಲ ಆಗ್ಯಾವ. ಅಲ್ಲಿ ಏನೂ ಬೆಳ್ಯೂದಿಲ್ಲ. ನಿನ್ನ ಮಾಳಗಿ ಬೆಳೀತೈತೇನೋ ನೋಡು."

ಮರುದಿನವೇ ಹೋದೆವು. ಕಾಲುವೆಯ ಬದಿಯ ಒಂದು ಹೊಲ ಹಿಟ್ಟು ಚೆಲ್ಲಿದಂತೆ ಬೆಳ್ಳಗೆ ಬಿದ್ದಿತ್ತು. ಅದರ ಒಡೆಯ, ಮಣ್ಣು ಬೇಕೆಂದು ಕೇಳಿದ ನಮ್ಮನ್ನು ಅನುಕಂಪದಿಂದ ನೋಡಿದ. ನಾನು ಬಗ್ಗಿ ಒಂದು ಚಿಟಿಕೆ ನಾಲಿಗೆಗೆ ಹಚ್ಚಿಕೊಂಡೆ. ಐವತ್ತು ವರ್ಷ ಹಿಂದಿನ ಮಾಳಿಗೆ, ಆಯಿಯ ಬೈಗುಳ, ಅಕ್ಕತಂಗಿಯರ ಹಸಿರು ಬಳೆಗಳ ಸದ್ದು ಎಲ್ಲವೂ ಆ ಚಿಟಿಕೆಯಲ್ಲಿತ್ತು. ಆದರೂ ನಾಲಿಗೆಯನ್ನು ಪೂರ್ತಿ ನಂಬಲಿಲ್ಲ. ಆಯಿ ಇನ್ನೊಂದು ಪರೀಕ್ಷೆ ಹೇಳಿಕೊಟ್ಟಿದ್ದಳು: ಮಣ್ಣು ಕಲಸಿ ಬಟ್ಟಲು ಮಾಡಿ, ಅದರ ತುಂಬ ನೀರು ಹಾಕಿಡಬೇಕು. ಮನೆಗೆ ಬಂದು ಆರನೆಯ ಕಪ್ಪನ್ನೇ ಅಚ್ಚು ಮಾಡಿ ಅದರ ಮೈಸುತ್ತ ಮಣ್ಣು ಮೆತ್ತಿ, ಕಪ್ಪನ್ನು ಬಿಡಿಸಿ ತೆಗೆದು, ಉಳಿದ ಮಣ್ಣಿನ ಕಪ್ಪನ್ನು ಒಣಗಿಸಿ, ನೀರು ತುಂಬಿ ಆರನೆಯ ಬಸಿಯ ಮೇಲಿಟ್ಟೆ. ಒಂದು ಹಗಲು ಪೂರ್ತಿ ಕಳೆದ ಮೇಲೆ ಮಣ್ಣಿನ ಕಪ್ಪನ್ನು ಎತ್ತಿ ನೋಡಿದೆ. ಬಸಿಗೆ ಒಂದು ಹನಿಯೂ ಇಳಿದಿರಲಿಲ್ಲ.

ಟ್ರ್ಯಾಕ್ಟರಿನಲ್ಲಿ ಮಣ್ಣು ಬಂತು. ಮೊದಲ ಬುಟ್ಟಿಯನ್ನು ಸುರಿದವಳು ನಾನು. ಎರಡನೆಯದನ್ನು ಸುರಿದವಳು ಬಾಬಣ್ಣನ ಮಗಳು. ದವಾಖಾನೆಯಲ್ಲಿ ಹುಟ್ಟಿದ್ದರೂ ಬುಟ್ಟಿ ಹೊರುವಷ್ಟು ಶಕ್ತಿ ಅವಳಿಗಿತ್ತು. ಹನ್ನೆರಡು ಹೆಂಗಸರು ಸಾಲಾಗಿ ಕೂತು ಕೊಡತಿಯಿಂದ ಮಣ್ಣು ಬಡಿಯುತ್ತ ಹಿಂದೆ ಸರಿದರು. ಕೆಳಗೆ ಮಂಚದ ಮೇಲೆ ಮಲಗಿದ್ದ ನೀಲವ್ವ ಚಿಗವ್ವ ಸದ್ದು ಕೇಳಿಯೇ, ಬಡಗಣ ಮೂಲೆಯಲ್ಲಿ ಪೆಟ್ಟು ಸಾಲದೆಂದು ಹೇಳಿ ಕಳಿಸಿದಳು. ಹೋಗಿ ನೋಡಿದರೆ ಸಾಲದಿದ್ದದ್ದು ನಿಜ.

ಮೊದಲ ಮಿರಗದ ಮಳೆಗೆ ಐವರೂ ಹಾಜರಾದರು. ನಡುಮನೆಯಲ್ಲಿ ಕುತ್ತಿಗೆ ಮೇಲೆತ್ತಿ ನಿಂತರು. ಮಳೆ ಬಿತ್ತು, ಅರ್ಧ ತಾಸಿಗೆ ಬಾಬಣ್ಣನ ಹಣೆಯ ಮೇಲೊಂದು ಹನಿ ಬಿತ್ತು. ಹಿಂದೆ ಇನ್ನೊಂದು, ಆಮೇಲೆ ಧಾರೆ.  ಬಾಬಣ್ಣನ ಮುಖ ಅರಳಿತು. ಮುಖ ಒರೆಸಿಕೊಳ್ಳದೆ ಹಾಗೆಯೇ ನಿಂತು, ಎಲ್ಲರೂ ನೋಡಲೆಂದು ಕಾದ.

ಹುಸೇನಸಾಬರು ಬಂದು, ಮೇಲೆ ನೋಡಿ, "ಗೌಡ್ರ, ಒಂದ ಹೆಜ್ಜಿ ಬಾಜೂಕ ಸರೀರಿ" ಎಂದರು. ಅವನು ನಿಂತದ್ದು ಬೆಳಕಿಂಡಿಯ ಕೆಳಗೆ. ಮಣ್ಣಿನ ಮಾಳಿಗೆಯ ಬೆಳಕಿಂಡಿ ಎಂದರೆ ಅಂಗೈ ಅಗಲದ ಬರಿಯ ತೂತು. ಮೋಡ ಕಂಡೊಡನೆ ಯಾರಾದರೂ ಓಡಿ ಅದರ ಮೇಲೆ ಗಡಿಗೆ ಬೋರಲು ಹಾಕಬೇಕು. ಅಂದು ಮುಂಜಾನೆ ಮಾಳಿಗೆಯ ತಪಾಸಣೆಗೆ ಹೋಗಿದ್ದ ಬಾಬಣ್ಣನೇ ಒಳಗೆ ಬೆಳಕಿಲ್ಲವೆಂದು ಗಡಿಗೆ ತೆಗೆದಿದ್ದ, ಮುಚ್ಚಿರಲಿಲ್ಲ. ಸಿಮೆಂಟಿನ ಹದಿನೈದು ವರ್ಷಗಳಲ್ಲಿ ಮನೆಯವರು ಗಡಿಗೆ ಮುಚ್ಚುವುದನ್ನೇ ಮರೆತಿದ್ದರು. ಹುಸೇನಸಾಬರು ಹೋಗಿ ಮುಚ್ಚಿದರು. ಹನಿ ನಿಂತಿತು. ಮಂಚದ ಮೇಲಿಂದ ಚಿಗವ್ವ, "ಮಾಳಗಿ ಸೋರೂದಿಲ್ಲೋ ಬಾಬಾ, ನಿನ್ನ ತಲಿ ಸೋರತೈತಿ" ಎಂದಳು. ಅಂದಿನಿಂದ ಮೂರು ಮಳೆಗಾಲ ಆ ಮನೆಯೊಳಗೆ ಬಿದ್ದ ನೀರೆಂದರೆ ಅದೊಂದೇ.

ಮೂರನೆಯ ಮಳೆಗಾಲ ಕಳೆದು ಬಂದ ದೀಪಾವಳಿಯ ಪಾಡ್ಯಕ್ಕೆ, ಎರಡು ಸಾವಿರದ ಇಸವಿ ದಾಟುತ್ತಿದ್ದಾಗ, ನಾನು ತವರಿಗೆ ಹೋದೆ. ಜಗಲಿಯ ದೀಪವನ್ನು ಎತ್ತಲಿಲ್ಲ. ಅದಕ್ಕೆ ಎಣ್ಣೆ ಹಾಕಿದೆ. ಈರಣ್ಣ ಜಮಖಾನೆ ಹಾಸಿ ಎಲ್ಲರ ಮುಂದೆ, "ಅಕ್ಕಾ, ಇಲ್ಲಿ ಕುಂದ್ರು" ಎಂದು ನಡುವಿನ ಜಾಗ ತೋರಿಸಿದ. ಐದು ಕಪ್ಪುಗಳು ಬಂದವು. ಕೈಚೀಲ ಬಿಚ್ಚಿ ಆರನೆಯದನ್ನು ಮುಂದಿಟ್ಟೆ. ಬಾಬಣ್ಣ ಕೆಟಲಿಯನ್ನು ತಾನೇ ಎತ್ತಿ ಅದಕ್ಕೆ ಸುರಿದ. ಚಹಾದಲ್ಲಿ ಸಕ್ಕರೆ ಹೆಚ್ಚಾಗಿತ್ತು, ಪೂರ್ತಿ ಕುಡಿದೆ. ಹೊರಡುವಾಗ ಕಪ್ಪನ್ನು ಅಲ್ಲೇ ಬಿಡಬಹುದಿತ್ತು. ಬಿಡಲಿಲ್ಲ.

ಬಿಡದಿದ್ದದ್ದು ಒಳ್ಳೆಯದಾಯಿತು. ಮುಂದಿನ ತಿಂಗಳೇ ಬಾಗಿಲ ಪಕ್ಕದಲ್ಲಿ ಹೊಳಪಿನ ಕರಿಕಲ್ಲೊಂದು ಕಾಣಿಸಿಕೊಂಡಿತು. ವಾಡೆಯ ಜೀರ್ಣೋದ್ಧಾರ ಮಾಡಿಸಿದವರು ಎಂದು ಅದರಲ್ಲಿ ಐದು ಹೆಸರುಗಳಿದ್ದವು. ಆರನೆಯದಿರಲಿಲ್ಲ; ಮನೆತನದ ಕಲ್ಲಿನ ಮೇಲೆ ಕೊಟ್ಟ ಮಗಳ ಹೆಸರು ಬರೆಸುವ ರೂಢಿಯಿಲ್ಲವಂತೆ. ಹುಸೇನಸಾಬರು ಆ ಕಲ್ಲನ್ನು ಗಾರೆಯಲ್ಲಿ ಕೂರಿಸಿರೆಂದು ಹೇಳಿದ್ದರು. ಅವಸರದಲ್ಲಿ ಸಿಮೆಂಟು ಹಚ್ಚಿ ಅಂಟಿಸಿದರು. ಮಣ್ಣಿನ ಗೋಡೆ ಅದನ್ನು ಒಂದು ಬೇಸಿಗೆ ತಾಳಿಕೊಂಡಿತು. ಎರಡನೆಯ ಬೇಸಿಗೆಯಲ್ಲಿ, ಒಂದು ಸುಡುಮಧ್ಯಾಹ್ನ, ಕಲ್ಲು ತಾನಾಗಿಯೇ ಕಳಚಿ ಬಿದ್ದು ಮೂರು ತುಂಡಾಯಿತು. ಗೋಡೆಗೆ ಒಂದು ಗೀರೂ ಆಗಲಿಲ್ಲ. ಆ ಹೊತ್ತಿಗೆ ನಾನು ಸವದತ್ತಿಯಲ್ಲಿ ಹಪ್ಪಳ ಒಣಹಾಕುತ್ತಿದ್ದೆ; ಸಾಕ್ಷಿಗೆ ನೆರೆಮನೆಯ ಇಬ್ಬರಿದ್ದಾರೆ.

ಈಗ ವಾಡೆಯನ್ನು ನೋಡಲು ದೊಡವಾಡದಿಂದ, ಕಿತ್ತೂರಿನಿಂದ, ಇನ್ನೂ ದೂರದಿಂದ ಜನ ಬರುತ್ತಾರೆ. ಬೀಗರು ಲಗ್ನ ಗೊತ್ತುಮಾಡಲು ಅದೇ ಪಡಸಾಲೆಯಲ್ಲಿ ಕೂರಬೇಕೆನ್ನುತ್ತಾರೆ. ನೀಲವ್ವ ಚಿಗವ್ವ ಅದೇ ಮಾಳಿಗೆಯ ಕೆಳಗೆ, ಅದೇ ಜಗಲಿಯ ಪಕ್ಕದಲ್ಲಿ, ಮೈಗೆ ಒಂದು ಹನಿ ತಾಗದೆ ಕಣ್ಣು ಮುಚ್ಚಿದಳು. ಬಾಬಣ್ಣನ ಮಗಳು ಪ್ರತಿ ವರ್ಷ ಮಿರಗಕ್ಕೆ ಮುಂಚೆ ಬಂದು ಬುಟ್ಟಿ ಹೊರುತ್ತಾಳೆ.

ಬಂದವರಿಗೆ ಚಹಾ ಕೊಡುತ್ತ ಬಾಬಣ್ಣ ಹೇಳುವುದನ್ನು ನಾನು ನನ್ನ ಕಿವಿಯಿಂದಲೇ ಕೇಳಿದ್ದೇನೆ: "ನಾ ಅವತ್ತಽ ಹೇಳಿದ್ನಿರಿ, ಹಿರ್ಯಾರ ಮನಿ ಕೆಡವಬ್ಯಾಡ್ರಿ ಅಂತ." ಅವನ ಮೂವರು ತಮ್ಮಂದಿರೂ ಬೇರೆ ಬೇರೆ ಮದುವೆಗಳಲ್ಲಿ ಇದೇ ಮಾತನ್ನು ಹೇಳಿದ್ದಾರೆ. ಹೋದ ಯುಗಾದಿಗೆ, ಬೇವುಬೆಲ್ಲ ಬಾಯಲ್ಲಿಟ್ಟುಕೊಂಡು, ಈರಣ್ಣನೂ ಹೇಳಿದ. ನಾನು ಯಾರನ್ನೂ ತಡೆಯಲಿಲ್ಲ. ಆದರೆ ಕಪ್ಪನ್ನು ಒರೆಸಿ ಮೇಜಿನ ಮೇಲಿಟ್ಟಾಗಲೆಲ್ಲ ಒಂದು ಸಂಶಯ ಏಳುತ್ತದೆ. ಸಹೋದರರೇ, ಆ ದಿನ ಜಮಖಾನೆಯ ಮೇಲೆ ಕೂತು ಚಹಾ ಕುಡಿದ ನೀವು ಐವರೂ ಮನೆಯನ್ನು ಕೆಡವಬೇಡಿರೆಂದೇ ಹೇಳಿದ್ದರೆ, ಕೆಡವಬೇಕೆಂದು ತೀರ್ಮಾನಿಸಿದ ಆ ಆರನೆಯವರು ಯಾರು, ಮತ್ತು ಅವರು ಚಹಾ ಕುಡಿದದ್ದು ಯಾವ ಕಪ್ಪಿನಲ್ಲಿ?